ಕೊರಪ್ಪೊಳು ಹತ್ತಿದ ಸರಕು ವಿಮಾನ

ಕೆನಡಾದ ಮಿಸಿಸಾಗದ ಕೊರಪ್ಪೊಳು ಇಪ್ಪತ್ತೇಳು ವರ್ಷ ಉಪಗ್ರಹಗಳಿಗೆ ಹೊದಿಕೆ ಹೊಲಿದವರು. ಬಾಹ್ಯಾಕಾಶದ ಸುಡುಬಿಸಿಲೂ ಕೊರೆಯುವ ಚಳಿಯೂ ಯಂತ್ರದ ಒಳಗೆ ಇಳಿಯದಂತೆ, ಬೆಳ್ಳಿ ಬಣ್ಣದ ತೆಳು ಹಾಳೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೆಲಸ. ಮುಲ್ಕಿಯ ಹತ್ತಿರ ಹುಟ್ಟಿ, ಮದುವೆಗೆ ಮುಂಚೆ ನೆರೆಕರೆಯವರ ರವಿಕೆ ಹೊಲಿಯುತ್ತಿದ್ದ ಹೆಂಗಸು. ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ‘ಕೋರಾ’. ಅವರು ಹೊಲಿದದ್ದು ಎಷ್ಟೋ ಸಲ ಆಕಾಶಕ್ಕೆ ಹೋಯಿತು. ಅವರು ಮಾತ್ರ ವಿಮಾನವನ್ನೂ ಹತ್ತುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. 1983ರಲ್ಲಿ ಊರಿಗೆ ಹೋಗಿ ಕೆನಡಾಕ್ಕೆ ಮರಳುವಾಗ ಸಮುದ್ರದ ಮೇಲೆ ವಿಮಾನ ಒಮ್ಮೆಲೇ ಕೆಳಕ್ಕೆ ಕುಸಿದಿತ್ತು. ತೊಡೆಯ ಮೇಲೆ ನಿದ್ದೆಹೋಗಿದ್ದ ಎರಡು ವರ್ಷದ ಮಗ ಹರ್ಷಿತ್ ಕೈತಪ್ಪಿ ಮೇಲಕ್ಕೆ ಹಾರಿ, ಆಚೆ ಸೀಟಿನವರ ಮೇಲೆ ಬಿದ್ದ. ಭುಜದ ಮೂಳೆ ಮುರಿದದ್ದು ಬಿಟ್ಟರೆ ಮಗುವಿಗೆ ಬೇರೇನೂ ಆಗಲಿಲ್ಲ, ಅದೂ ಬೇಗ ಕೂಡಿಕೊಂಡಿತು. ತಾಯಿಯ ಹೆದರಿಕೆ ಮಾತ್ರ ವಾಸಿಯಾಗಲಿಲ್ಲ. ಹದಿನೈದು ವರ್ಷದ ಮೇಲೆ ಅಮ್ಮ ತೀರಿಕೊಂಡಾಗಲೂ ಕೊರಪ್ಪೊಳು ಹೋಗಲಿಲ್ಲ. ಸಿಟಿ ಬಸ್ಸು ಓಡಿಸುತ್ತಿದ್ದ ಗಂಡ ದೇರಣ್ಣ ರಜೆ ಹಾಕಿ ಒಬ್ಬರೇ ಹೋಗಿಬಂದರು. ಆ ಬಗ್ಗೆ ಅವರು ಹೆಂಡತಿಗೆ ಆಕ್ಷೇಪದ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು ಎಂದು ಕೊರಪ್ಪೊಳು ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದರು.

2018ರ ಬೇಸಿಗೆಯಲ್ಲಿ ಅವರಿಗೆ ಎರಡು ಫೋನ್ ಬಂದವು. ಒಂದು ಸುರತ್ಕಲ್‌ನಿಂದ. ಅಕ್ಕ ಚೆನ್ನಮ್ಮನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ತಂಗಿಯನ್ನು ನೋಡಬೇಕೆಂದು ದಿನಾ ಹೇಳುತ್ತಾರೆ ಎಂದು ಅಕ್ಕನ ಮಗಳು ಗಿರಿಜಾ ತಿಳಿಸಿದಳು. ಕೊರಪ್ಪೊಳು ಎಂದಿನಂತೆ, ನೋಡುವ, ಎಂದರು.

ಇನ್ನೊಂದು ಫೋನ್ ಅವರು ನಿವೃತ್ತರಾಗಿದ್ದ ಕಂಪನಿಯದು. ಮಾಡಿದವನು ಸಾಕೇತ್, ಬೆಂಗಳೂರಿನಿಂದ ಬಂದು ಅಲ್ಲಿ ಕೆಲಸಕ್ಕಿದ್ದ ಎಂಜಿನಿಯರು. ತೊಂಬತ್ತರ ದಶಕದಲ್ಲಿ ಮೇಲಕ್ಕೆ ಹೋಗಿದ್ದ ಒಂದು ಸಂಶೋಧನಾ ಉಪಗ್ರಹವನ್ನು ಕೆಲವು ವರ್ಷಗಳ ನಂತರ ಶಟಲ್ ಬಾಹ್ಯಾಕಾಶ ನೌಕೆ ಹಿಡಿದು ಭೂಮಿಗೆ ತಂದಿತ್ತು. ಪರೀಕ್ಷೆಗಳೆಲ್ಲ ಮುಗಿದು ಅದು ಗೋದಾಮಿನಲ್ಲಿ ಕೂತಿತ್ತು. ಈಗ ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯದ ಒಂದು ಮ್ಯೂಸಿಯಂ ಅದನ್ನು ಕೇಳಿತ್ತು. ನೀವೇ ಹೊಲಿದ ಹೊದಿಕೆ ಅಲ್ಲಲ್ಲಿ ಹರಿದಿದೆ, ಬಂದು ಹೊಲಿದುಕೊಡುತ್ತೀರಾ ಎಂದು ಸಾಕೇತ್ ವಿಚಾರಿಸಿದ.

ಕೊರಪ್ಪೊಳು ಖುಷಿಯಿಂದಲೇ ಹೋದರು. ಕನ್ನಡಿಯಂತೆ ಹೊಳೆಯುತ್ತಿದ್ದ ಹಾಳೆ ಹೊಗೆ ಹಿಡಿದ ಡಬ್ಬಿಯ ಹಾಗೆ ಕಂದಾಗಿತ್ತು. ಬಾಹ್ಯಾಕಾಶದ ಧೂಳು ತಾಗಿ ಅಲ್ಲಲ್ಲಿ ಸಾಸಿವೆಕಾಳಿನಷ್ಟು ತೂತುಗಳು. ಕೈಗವಸು ಹಾಕಿದ ಬೆರಳಿನಿಂದ ಅವನ್ನು ಮುಟ್ಟಿ ನೋಡಿದರು. ತೂತುಗಳನ್ನು ಹಾಗೇ ಬಿಡಬೇಕು, ಹರಿದದ್ದನ್ನು ಮಾತ್ರ ಹೊಲಿಯಬೇಕು ಎಂದು ಮ್ಯೂಸಿಯಂನವರು ಹೇಳಿದ್ದರು. ವಯಸ್ಸಾಗಿತ್ತು, ಸೂಜಿಗೆ ದಾರ ಪೋಣಿಸಲು ಭೂತಗನ್ನಡಿ ಬೇಕಾಯಿತು. ಆದರೂ ಒಂದು ತಿಂಗಳಲ್ಲಿ ಕೆಲಸ ಮುಗಿಯಿತು.

ತೊಡಕು ಬಂದದ್ದು ಆಮೇಲೆ. ಉಪಗ್ರಹವನ್ನು ಪೆಟ್ಟಿಗೆಗೆ ಇಳಿಸಲು ಹೊದಿಕೆಯ ಕೆಲವು ತುಂಡು ಬಿಚ್ಚಲೇಬೇಕಿತ್ತು. ಅಲ್ಲಿ ತಲುಪಿದ ಮೇಲೆ ಅವನ್ನು ಮತ್ತೆ ಕಟ್ಟಲು ಕೊರಪ್ಪೊಳು ಬರಬೇಕೆಂದು ಕಂಪನಿ ಕೇಳಿಕೊಂಡಿತು. ಸರಕು ವಿಮಾನದಲ್ಲಿ ಪೆಟ್ಟಿಗೆಯ ಜೊತೆ ಹೋಗುವವರಿಗೆ ಎರಡು ಸೀಟು ಇದ್ದವು, ಒಂದು ಸಾಕೇತನಿಗೆ, ಇನ್ನೊಂದು ಅವರಿಗೆ. ಕೊರಪ್ಪೊಳು ತಾನು ರೈಲಿನಲ್ಲಿ ಬರುತ್ತೇನೆಂದು ಹೇಳಿ ಮನೆಗೆ ಬಂದರು.

ದೇರಣ್ಣ ಕಂಪ್ಯೂಟರಿನಲ್ಲಿ ರೈಲಿನ ವೇಳೆ ನೋಡಿದರು. ಮೂರು ರಾತ್ರಿಯ ದಾರಿ. ತಾನೂ ಜೊತೆಗೆ ಬರುತ್ತೇನೆ ಎಂದರು. ಮತ್ತೆ, ಕನ್ನಡಕ ತೆಗೆದು ಒರೆಸುತ್ತಾ, ಮೆಲ್ಲಗೆ ಹೇಳಿದರು:

“ರೈಲಲ್ಲಿ ಹೋಗುವ, ನನಗೆ ಎಂತ ತೊಂದ್ರೆ ಇಲ್ಲ. ಆದ್ರೆ ಇಲ್ಲಿಂದ ಸುರತ್ಕಲ್‌ಗೆ ರೈಲಿಲ್ಲ ಮಾರಾಯ್ತಿ.”

ಕೊರಪ್ಪೊಳು ಎದ್ದು ಪಾತ್ರೆ ತೊಳೆದರು. ಮರುದಿನ ಬೆಳಿಗ್ಗೆ ಸಾಕೇತನಿಗೆ ಫೋನ್ ಮಾಡಿದರು.

“ನಾನು ಪ್ಲೇನಲ್ಲೇ ಬರ್ತೇನೆ. ಆದ್ರೆ ನೀವು ನನ್ನ ಪಕ್ಕದಲ್ಲೇ ಕೂತ್ಕೊಳ್ಬೇಕು. ನಾನು ಬೊಬ್ಬೆ ಹಾಕಿದ್ರೆ ನಗ್ಲಿಕ್ಕಿಲ್ಲ.”

“ಖಂಡಿತ ನಗಲ್ಲ ಆಂಟಿ. ನಂಗೂ ಸ್ವಲ್ಪ ಟೆನ್ಶನ್ ಆಗತ್ತೆ,” ಎಂದ ಸಾಕೇತ್.

ಹೊರಡುವ ದಿನ ಅವರನ್ನು ಏರ್‌ಪೋರ್ಟಿಗೆ ಬಿಟ್ಟದ್ದು ಹರ್ಷಿತ್. ಅವನಿಗೀಗ ಇಬ್ಬರು ಮಕ್ಕಳು. ಕಾರು ನಿಲ್ಲಿಸಿ, ತಾಯಿಯ ಕೈ ಹಿಡಿದು, “ಅಮ್ಮಾ, ಐ ಡೋಂಟ್ ಈವನ್ ರಿಮೆಂಬರ್ ಇಟ್,” ಎಂದ.

“ನಿನಗೆ ನೆನಪಿಲ್ಲ. ನನಗುಂಟು,” ಎಂದರು ಕೊರಪ್ಪೊಳು. ಇಷ್ಟು ವರ್ಷಗಳಲ್ಲಿ ಮಗನ ಎದುರು ಆ ಮಾತು ಬಂದದ್ದು ಅದೇ ಮೊದಲು.

ಸೀಟುಗಳು ಪೈಲಟ್‌ಗಳ ಕೋಣೆಯ ಹಿಂದೆಯೇ ಇದ್ದವು. ಅವುಗಳ ಹಿಂದೆ ಒಂದು ಗೋಡೆ, ಅದರಾಚೆ ಬಲೆ ಬಿಗಿದ ದೊಡ್ಡ ಪೆಟ್ಟಿಗೆ. ಮೊದಲ ಒಂದು ಗಂಟೆ ಕೊರಪ್ಪೊಳು ಕಣ್ಣು ಮುಚ್ಚಿಯೇ ಇದ್ದರು. ಸುಪೀರಿಯರ್ ಸರೋವರ ದಾಟುವಾಗ ವಿಮಾನ ಕುಲುಕತೊಡಗಿತು. ಒಂದು ಸಲ ಜೋರಾಗಿ ಕೆಳಕ್ಕಿಳಿಯಿತು. ಅವರು ಸಾಕೇತನ ತೋಳು ಗಟ್ಟಿಯಾಗಿ ಹಿಡಿದು, ತುಳುವಿನಲ್ಲಿ “ಅಪ್ಪೆ, ಅಪ್ಪೆ” ಎಂದು ತೀರಿಹೋದ ತಾಯಿಯನ್ನು ಕರೆದರು. ಕುಲುಕಾಟ ನಿಂತ ಮೇಲೂ ಅಳು ನಿಲ್ಲಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಊರಿಗೆ ಹೋಗಿ ಅಳಬೇಕಾಗಿದ್ದ ಅಳು ಅದು ಎಂದು ಆಮೇಲೆ ಗಂಡನ ಹತ್ತಿರ ಹೇಳಿದರಂತೆ. ಸಾಕೇತ್ ನಗಲಿಲ್ಲ. ನೀರಿನ ಬಾಟಲಿ ತೆರೆದುಕೊಟ್ಟ.

ಆಲ್ಬರ್ಟಾದಲ್ಲಿ ಇಳಿದು ಪೆಟ್ಟಿಗೆ ತೆರೆದಾಗ ಎಲ್ಲವೂ ಸರಿಯಾಗಿತ್ತು. ಏಣಿಯ ಮೇಲೆ ನಿಂತು ಎರಡು ದಿನದಲ್ಲಿ ತುಂಡುಗಳನ್ನೆಲ್ಲ ಕಟ್ಟಿ ಮುಗಿಸಿದರು. ಉದ್ಘಾಟನೆಗೆ ನಿಲ್ಲಿ ಎಂದು ಮ್ಯೂಸಿಯಂನವರು ಒತ್ತಾಯಿಸಿದರೂ ಒಪ್ಪಲಿಲ್ಲ. ಮರಳಿದ್ದೂ ವಿಮಾನದಲ್ಲೇ. ಹೆದರಿಕೆ ಕಡಿಮೆಯೇನೂ ಆಗಿರಲಿಲ್ಲ. ಹೆದರಿಕೊಂಡೇ ಹೋಗಿಬರಬಹುದು ಎಂಬುದಷ್ಟೇ ಗೊತ್ತಾಗಿತ್ತು.

ಮುಂದಿನ ಜನವರಿಯಲ್ಲಿ ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಗಂಡನ ಜೊತೆ ಮಂಗಳೂರಿನಲ್ಲಿ ಇಳಿದರು. ಸುರತ್ಕಲ್‌ನ ಫ್ಲ್ಯಾಟಿನಲ್ಲಿ ಚೆನ್ನಮ್ಮ ಕುರ್ಚಿಯಿಂದ ಏಳಲು ಹೊರಟರು, ಆಗಲಿಲ್ಲ. ಕೊರಪ್ಪೊಳು ಹತ್ತಿರ ಹೋಗಿ ನೆಲದಲ್ಲಿ ಕೂತರು. ಅಕ್ಕ ಅವರ ಮುಖ ಸವರಿ, ತಲೆ ಸವರಿ, ಜಡೆ ಇರಬೇಕಾದಲ್ಲಿ ಕೈ ನಿಲ್ಲಿಸಿದರು.

“ಕೂದಲು ಯಾವಾಗ ಕತ್ತರಿಸಿದ್ದು?”

“ತುಂಬ ವರ್ಷ ಆಯ್ತು ಅಕ್ಕ.”

“ನನಗೆ ಯಾರೂ ಹೇಳ್ಲಿಲ್ಲ,” ಎಂದರು ಚೆನ್ನಮ್ಮ. ಗಿರಿಜಾ ಬೂತಾಯಿ ಮೀನು ತಂದು ಅಡುಗೆಮನೆಯಲ್ಲಿ ಇಟ್ಟದ್ದು ಕೇಳಿ, ಕೊರಪ್ಪೊಳು ಸೆರಗು ಸಿಕ್ಕಿಸಿಕೊಂಡು ಮೀನು ಕೊಯ್ಯಲು ಎದ್ದರು.