ದೊರೆ ಹಾಸಿದ ಕರ್ಚೀಪು

ಕೊಡಗು ಇನ್ನೂ ಬೇರೆ ರಾಜ್ಯ ಆಗಿದ್ದಾಗ ಅಮ್ಮತ್ತಿ ಕಡೆ ಕಾಫಿ ತೋಟದ ಒಬ್ಬ ಬಿಳಿ ದೊರೆಯ ಗಾಲ್ಫ್ ಕೋಲು ಹೊರ್ತಿದ್ದೆ. ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುಂಡು ಹೊಡೆಯೋದ್ರಲ್ಲಿ ನನ್ನ ಬಿಟ್ರೆ ಇನ್ನೊಬ್ಬ ಇರ್ಲಿಲ್ಲ. ಚೆಂಡು ಬೀಳಬೇಕಾದ ಗುಳಿ ಹತ್ರ ದೊರೆ ಕೋಲಿಂದ ಮೆಲ್ಲಗೆ ಚೆಂಡು ಎತ್ತಿ ಹಾಕೋದು ನೋಡಿ, "ಇದೇನು ಮಹಾ! ನಾನು ಗುಳಿಗೆ ಹಾಕದಿದ್ರೆ ಮೀಸೆ ಬೋಳಿಸ್ಕೋತೀನಿ" ಅಂದೆ.

ಗುಳಿ ನೋಡಿ ಬೀಸಿದೆ. ಚೆಂಡು ಗುಳಿ ದಾಟಿ ಪೊದೆಗೆ ಹೋಯ್ತು.

"ಕ್ಷೌರದವನನ್ನ ಕರೀಲಾ ಮಾವ?" ಅಂತ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ನಕ್ಕ.

ದೊರೆ ಇನ್ನೊಂದು ಚೆಂಡು ಕೊಟ್ಟು, ಗುಳಿಗಿಂತ ಈಚೆಗೆ ಕರ್ಚೀಪು ಹಾಸಿದ. "ಗುಳಿ ಮರ್ತುಬಿಡು. ಚೆಂಡು ಇದ್ರ ಮೇಲೆ ಬೀಳ್ಲಿ."

"ಗುರಿ ಬಿಟ್ಟು ಬೇರೆ ಕಡೆ ಹೊಡೆಯೋದಾ ದೊರೆ?"

"ಹೊಡಿ!"

ಹೊಡೆದೆ. ಚೆಂಡು ಕರ್ಚೀಪಿನ ಮೇಲೆ ಬಿದ್ದು, ಉರುಳ್ಕೊಂಡು ಹೋಗಿ ಗುಳಿಗೆ ಇಳೀತು. ರೈಟರೇ ಚಪ್ಪಾಳೆ ತಟ್ಟಿದ.

ಮೀಸೆ ಉಳೀತು, ಸರಿ. ಆದ್ರೆ ನಾನು ಹೊಡೆದದ್ದು ಕರ್ಚೀಪಿಗೆ ಕಣಪ್ಪ. ಗುಳಿಗೆ ಹಾಕಿದ್ದು ಯಾರು ಅಂತ ಇವತ್ತಿಗೂ ನಂಗೆ ತಿಳಿದಿಲ್ಲ. ಯಾರಾದ್ರೂ ಕೇಳಿದ್ರೆ ಮಾತ್ರ ನಾನೇ ಅಂತೀನಿ.