ರೊಟ್ಟಿ ಗಂಟಿನಾಗ ಕ್ಯಾಮೆರಾ

ನಿಜಾಮರ ಆಳಿಕಿ ಮುಗಿದ ಹೊಸತು. ವಾಡಿ ಸ್ಟೇಷನ್ದಾಗ ಕಳ್ಳರ ಕಾಟ ಭಾಳ. ಚರ್ಮದ ಚೀಲ ಕಂಡ್ರ ಬಿಡೂದಿಲ್ಲಂತ, ನಮ್ಮ ಸ್ಟುಡಿಯೋ ಮಾಲಕರ ಸಣ್ಣ ಕ್ಯಾಮೆರಾನ ಹಳೇ ಧೋತರದಾಗ ರೊಟ್ಟಿ ಗಂಟಿನಂಗ ಕಟ್ಟಿಕೊಂಡು ಸೇಡಂ ಮದುವಿಗೆ ಫೋಟೋ ತೆಗೀಲಿಕ್ಕ ಹೊಂಟಿದ್ದೆ.

ಗಾಡಿ ಬಿಟ್ಟಕೂಡಲೇ ಎದುರಿನ ಮುದುಕಿ ತನ್ನ ಬುತ್ತಿ ಬಿಚ್ಚಿ, "ತಮ್ಮಾ, ನಿಂದೂ ಬಿಚ್ಚು, ಕೂಡಿ ಉಣ್ಣೂಣು" ಅಂದಳು.

"ಹಸಿವಿಲ್ಲ ಯವ್ವಾ."

"ಒಣ ರೊಟ್ಟಿ ಇದ್ರೇನಾತು? ನಾಚಬ್ಯಾಡ" ಅಂತ ಗಂಟಿಗೇ ಕೈ ಹಾಕಿದಳು. ನಾನು ಎದಿಗೆ ಅವಚಿಕೊಂಡೆ. ಗಾಡಿ ಡಬ್ಬಿಯಾಗಿನವರೆಲ್ಲ ನನ್ನನ್ನ ಒಬ್ಬನೇ ಉಣ್ಣೂ ಜಿಪುಣನಂಗ ನೋಡಲಿಕತ್ತರು. ಸೋತು ಬಿಚ್ಚಿದೆ.

ಮುದುಕಿ ಕ್ಯಾಮೆರಾಕ್ಕೇನು ಬೆರಗಾಗಲಿಲ್ಲ. "ಅಯ್ಯ, ಬುತ್ತಿ ಇಲ್ಲದ ಕಳಿಸ್ಯಾರಲ್ಲೋ!" ಅಂತ ಎರಡು ರೊಟ್ಟಿ, ಹಚ್ಚಿಕೊಂಡು ತಿನ್ನಲಿಕ್ಕ ಶೇಂಗಾ ಹಿಂಡಿ ಅದರ ಮ್ಯಾಲೇ ಇಟ್ಟಳು.

ಈಗ ಗಂಟಿನಾಗ ಕ್ಯಾಮೆರಾದ ಜೋಡಿ ರೊಟ್ಟೀನೂ ಕಟ್ಟತೀನಿ. ಕಳ್ಳರಿಗೆ ಅಂಜಿ ಅಲ್ಲ, ಅಂಥ ಮುದುಕ್ಯಾರಿಗೆ ಅಂಜಿ.