ಗಾಜಿನಾಚೆಯ ಊದುಗೊಳವೆ

ಗಂಟಕ್ಕನಿಗೆ ಆ ಹೆಸರು ಬಿದ್ದದ್ದು ಕೆಲಸದಿಂದ. ಟವೆಲ್ ನೇಯುವ ಗಿರಣಿಯಲ್ಲಿ ನಲವತ್ತು ಮಗ್ಗಗಳ ಪೈಕಿ ತನ್ನ ಪಾಲಿನ ಎಂಟರ ನಡುವೆ ಓಡಾಡುತ್ತ, ಕಿತ್ತುಹೋದ ಎಳೆಗಳನ್ನು ಹುಡುಕಿ ಗಂಟು ಹಾಕುವುದು ಅವಳ ಕಸುಬು. ಇಪ್ಪತ್ತಮೂರು ವರ್ಷಗಳಲ್ಲಿ ಅವಳು ಕೂಡಿಸಿದ ನೂಲನ್ನೆಲ್ಲ ಒಂದಕ್ಕೊಂದು ಕಟ್ಟಿದರೆ ಚಂದ್ರನವರೆಗೆ ಹೋಗಿ, ಅಲ್ಲಿ ಒಂದಿಷ್ಟು ಬಟ್ಟೆ ಒಣಹಾಕಿ ವಾಪಸು ಬರಬಹುದು. ಅವಳ ಹುಬ್ಬೂ ಸದಾ ಗಂಟಿಕ್ಕಿಕೊಂಡೇ ಇರುತ್ತಿದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ನೇಯ್ಗೆ ಹಾಲ್‌ನ ಸದ್ದಿನ ಬಗ್ಗೆ ಒಂದು ಮಾತು. ಅಲ್ಲಿ ಪಕ್ಕದವರು ನಿಮ್ಮ ಕಿವಿಗೇ ಬಾಯಿಟ್ಟು ಅರಚಿದರೂ ಬಿಸಿಗಾಳಿ ಬಡಿದಂತಾಗುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿನವರು ಕೇಳುವುದು ಕಣ್ಣಿನಿಂದ. ಸದ್ದಿಲ್ಲದೆ ತುಟಿ ಆಡಿಸಿದರೆ ಸಾಕು, ಮೂವತ್ತು ಹೆಜ್ಜೆ ಆಚೆಯವರಿಗೆ ವಿಷಯ ಮುಟ್ಟುತ್ತದೆ. ಹೊಸಬರು ಕಲಿಯಲು ಒಂದು ವರ್ಷ ಬೇಕು. ಗಂಟಕ್ಕನಾದರೋ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಕನ್ನಡಿಯಲ್ಲಿ ಕಾಣುವ ಡ್ರೈವರನ ಬೈಗುಳವನ್ನೂ ಓದಿಬಿಡುತ್ತಿದ್ದಳು.

ಇಂಥ ರಾಜ್ಯಕ್ಕೆ ಎಂಟು ತಿಂಗಳ ಹಿಂದೆ ಗೋದಾಮಿನಿಂದ ವರ್ಗವಾಗಿ ಬಂದವನೇ ಊದುಗೊಳವೆ. ಕೆಲಸ, ನೇಯ್ದ ಟವೆಲುಗಳ ತಪಾಸಣೆ. ಜಾಗ, ಹಾಲ್‌ನ ತುದಿಯಲ್ಲಿ ಮ್ಯಾನೇಜರರ ಗಾಜಿನ ಕೋಣೆ. ಎರಡು ಪದರದ ಗಾಜು, ಒಳಗೆ ಸದ್ದೇ ಇಲ್ಲ. ಬಂದ ವಾರ ಎಲ್ಲರನ್ನೂ "ಅಕ್ಕ, ಅಣ್ಣ" ಎಂದು ಮಾತಾಡಿಸಿ, ಮನೆಮಠ ವಿಚಾರಿಸಿ, ಮೊಮ್ಮಕ್ಕಳ ಹೆಸರು ಕೇಳಿದ. ಎರಡನೇ ವಾರ ಗಾಜಿನ ಕೋಣೆಯಲ್ಲಿ ಮ್ಯಾನೇಜರರ ಕಿವಿಯ ಹತ್ತಿರ ಬಗ್ಗಿ ಊದತೊಡಗಿದ. ತಣ್ಣಗಿದ್ದ ಒಲೆಯನ್ನೂ ಧಗಧಗಿಸುವ ಅವನ ಪ್ರತಿಭೆಗೆ ಮಿಸ್ತ್ರಿ ಅಣ್ಣ ಅದೇ ದಿನ ನಾಮಕರಣ ಮಾಡಿದ. ಮಿಸ್ತ್ರಿ ಅಣ್ಣನೆಂದರೆ ಮಗ್ಗಗಳ ರಿಪೇರಿಯವನು, ಬಾಯಿ ಬಲು ಹರಿತ.

ಹಾಲ್‌ನವರು ತುಟಿ ಓದುತ್ತಾರೆಂಬುದು ಊದುಗೊಳವೆಗೆ ಗೊತ್ತೇ ಇರಲಿಲ್ಲ. ಮುಖ್ಯ ಕಚೇರಿಯಿಂದ ಬಂದ ಮ್ಯಾನೇಜರರಿಗೂ ಇಲ್ಲ. ಸದ್ದಿಲ್ಲದೆ ಬಾಯಾಡಿಸುವ ಇವರನ್ನು ನೋಡಿ ಅವನು, "ಪಾಪ, ಸದ್ದಿಗೆ ತಲೆ ಕೆಟ್ಟಿದೆ ಸಾರ್, ತಮ್ಮಷ್ಟಕ್ಕೆ ಮಾತಾಡ್ಕೊಳ್ತಾರೆ" ಎಂದಿದ್ದ. ಅದನ್ನೂ ನಲವತ್ತು ಮಗ್ಗದವರು ಓದಿದ್ದರು.

ಯಾರೂ ಅವನಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಪುಕ್ಕಟೆ ಸಿನಿಮಾ ಅದು. ಹನ್ನೆರಡನೇ ಮಗ್ಗದವಳು ಗಂಡನನ್ನು ಬಿಟ್ಟಳಂತೆ, ಮಿಸ್ತ್ರಿ ಸ್ಪ್ಯಾನರ್ ಕದಿಯುತ್ತಾನಂತೆ, ನೂಲು ಸುತ್ತುವವಳು ಕಕ್ಕಸಿನಲ್ಲೇ ನಿದ್ದೆ ಮಾಡುತ್ತಾಳಂತೆ. ದಿನಕ್ಕೊಂದು ಕಂತು. ತನ್ನ ಸರದಿ ಬಂದವರು ಕೆಂಡವಾಗುತ್ತಿದ್ದರು, ಉಳಿದವರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಗಂಟಕ್ಕನೂ ನಕ್ಕಿದ್ದಳು. ಕಕ್ಕಸಿನ ಕಂತಿಗಂತೂ ಮಗ್ಗಕ್ಕೆ ಒರಗಿ ನಕ್ಕಿದ್ದಳು.

ಆ ಗುರುವಾರ ಹನ್ನೊಂದು ಗಂಟೆಗೆ ಅವಳ ಸರದಿ ಬಂತು.

ಆರನೇ ಮಗ್ಗದ ಎಳೆ ಹಿಡಿದು ತಲೆ ಎತ್ತಿದಳು. ಗಾಜಿನಾಚೆ ಊದುಗೊಳವೆ ಬಗ್ಗಿದ್ದ. "ಗಂಟಕ್ಕನಿಗೆ ಕಣ್ಣು ಹೋಗಿದೆ ಸಾರ್. ಈ ವಾರ ಹಾಳಾದ ಹದಿಮೂರು ಟವೆಲೂ ಅವಳದೇ ಗಂಟು. ವಯಸ್ಸಾಯ್ತು. ಪಾಪ ಅಂತ ನಾನೂ ಸುಮ್ನಿದ್ದೆ." ಮ್ಯಾನೇಜರ್ ಮೂಗು ಒರೆಸಿಕೊಂಡು ಅಂದರು: "ಸೋಮವಾರದಿಂದ ಚಿಂದಿ ಕೋಣೆಗೆ ಹಾಕೋಣ."

ಚಿಂದಿ ಕೋಣೆ ಎಂದರೆ ಗಿರಣಿಯ ಹಿಂಭಾಗದ ಕಿಟಕಿಯಿಲ್ಲದ ಜಾಗ. ನೂಲಿನ ಕಸ ಆರಿಸುತ್ತ, ಧೂಳು ಕುಡಿಯುತ್ತ ಕೂರಬೇಕು. ಅಲ್ಲಿಗೆ ಹೋದವರು ಮತ್ತೆ ಮಗ್ಗಕ್ಕೆ ಬಂದ ಚರಿತ್ರೆಯಿಲ್ಲ.

ಗಂಟಕ್ಕನ ಕೈಯಲ್ಲಿದ್ದ ಎಳೆ ಮತ್ತೆ ಕಿತ್ತುಹೋಯಿತು. ಸುತ್ತ ನೋಡಿದಳು. ಹನ್ನೆರಡನೇ ಮಗ್ಗದವಳು ಕಣ್ಣು ತಪ್ಪಿಸಿದಳು. ನೂಲು ಸುತ್ತುವವಳ ಸೆರಗು ಬಾಯಿಗೆ ಹೋಗಿತ್ತು.

ಮನೆಗೆ ಬಂದವಳೇ ಪಾತ್ರೆಗಳ ಮೇಲೆ ಯುದ್ಧ ಸಾರಿದಳು. ಬೀಗ ರಿಪೇರಿ ಮಾಡುವ ಗಂಡ ಜಗಲಿಯಲ್ಲಿ ಕೂತು, ಎರಡು ತಟ್ಟೆ ಹುತಾತ್ಮವಾಗುವವರೆಗೆ ಕಾದು, ಬಾಗಿಲಿಗೆ ಬಂದ.

"ಏನೇ, ಯಾರ ಮೇಲೆ ಇದು?"

"ನನಗೆ ಕಣ್ಣು ಹೋಗಿದೆಯಂತೆ! ಆ ಊದುಗೊಳವೆ ನಾಲಿಗೆ ಹಿಡಿದು ಗಂಟು ಹಾಕ್ತೀನಿ ನಾನು! ಬಿಚ್ಚೋಕೆ ನೂರು ಜನ ಬೇಕು, ಹಾಗೆ ಹಾಕ್ತೀನಿ!"

"ಹಾಕು. ಆದ್ರೆ ಅವನು ಹೇಳಿದ್ದು ಸುಳ್ಳಾ?"

"ಅಂದ್ರೆ?"

"ಹೋದ ತಿಂಗಳು ಕನ್ನಡಕ ತಗೊಂಡೆಯಲ್ಲ."

"ಅದು ಹತ್ತಿರದ್ದಕ್ಕೆ ಕಣ್ರೀ! ದೂರದ್ದು ಹದ್ದಿನ ಕಣ್ಣು. ಆಚೆ ಬೀದಿ ತುದೀಲಿ ನೀವು ಬೀಡಿ ಸೇದೋದು ಕಾಣುತ್ತೆ ನನಗೆ, ಗೊತ್ತಾ?"

ಗಂಡ ಮೆಲ್ಲನೆ ಜಗಲಿಗೆ ಹಿಂದಿರುಗಿದ. ಆದರೆ ಹೋಗುವಾಗ ಒಂದು ಮಾತು ಬಿಟ್ಟುಹೋದ. "ಹಾಗಾದ್ರೆ ನನ್ನ ಹತ್ರ ಯಾಕೆ ಕಿರಿಚ್ತೀಯ? ಅವರ ಹತ್ರ ಹೋಗಿ ತೋರಿಸು."

ಮರುದಿನ ಗಂಟಕ್ಕ ಗಾಜಿನ ಬಾಗಿಲು ನೂಕಿದಾಗ ಒಳಗೆ ಇಬ್ಬರೂ ಇದ್ದರು. ಅವಳು ಕೂರಲಿಲ್ಲ.

"ಸಾರ್, ನನ್ನನ್ನ ಸೋಮವಾರದಿಂದ ಚಿಂದಿ ಕೋಣೆಗೆ ಹಾಕ್ತೀರಂತೆ."

ಮ್ಯಾನೇಜರ್ ಕುರ್ಚಿಯಲ್ಲಿ ನೆಟ್ಟಗಾದರು. "ಯಾರಮ್ಮ ಹೇಳಿದ್ದು? ಇನ್ನೂ ಕಾಗದವೇ ಬರೆದಿಲ್ಲ."

"ನೀವೇ ಹೇಳಿದ್ರಿ. ನಿನ್ನೆ ಹನ್ನೊಂದಕ್ಕೆ. ಮೂಗು ಒರೆಸ್ಕೊಂಡು." ಹೀಗೆ ಶುರುಮಾಡಿ, ನಿನ್ನೆಯ ಮಾತನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದಳು.

"ಬಾಗಿಲಿಗೆ ಕಿವಿ ಇಟ್ಟಿದ್ದಾಳೆ ಸಾರ್," ಎಂದ ಊದುಗೊಳವೆ.

"ಆ ಸದ್ದಲ್ಲಿ ಬಾಗಿಲಿಗೆ ತಲೆಯಿಟ್ರೂ ಏನೂ ಕೇಳಲ್ಲ. ನಾನು ನೋಡಿದ್ದು ಸಾರ್. ಆರನೇ ಮಗ್ಗದ ಹತ್ರ ನಿಂತು. ನಮಗೆ ಎಲ್ಲರಿಗೂ ತುಟಿ ಓದೋಕೆ ಬರುತ್ತೆ."

ಮ್ಯಾನೇಜರ್ ನಂಬಲಿಲ್ಲ. ಸರಿ, ಪರೀಕ್ಷೆ ಆಗಿಯೇ ಹೋಗಲಿ ಎಂದಳು ಗಂಟಕ್ಕ. ತಾನು ಮಗ್ಗದ ಬಳಿಗೆ ಹೋಗುತ್ತೇನೆ, ಅವರು ಕೋಣೆಯಲ್ಲಿ ಕೂತು ಏನು ಬೇಕಾದರೂ ಮಾತಾಡಲಿ, ಬಂದು ಹೇಳುತ್ತೇನೆ. ಹೇಳಲಾಗದಿದ್ದರೆ ಸೋಮವಾರದವರೆಗೆ ಕಾಯುವುದೂ ಬೇಡ, ಈಗಲೇ ಚಿಂದಿಗೆ ಹೋಗುತ್ತೇನೆ.

ಹೊರಟಳು. ಸಾಮ್ರಾಜ್ಯವೊಂದನ್ನು ಪಣಕ್ಕಿಟ್ಟ ರಾಣಿಯಂತೆ, ಸವೆದ ಚಪ್ಪಲಿ ಟಪಟಪ ಬಡಿಯುತ್ತ, ಗಾಜಿನಿಂದ ನಲವತ್ತು ಹೆಜ್ಜೆ. ಹಾಲ್‌ಗೆ ಹಾಲೇ ಕೆಲಸದ ಕೈ ನಿಲ್ಲಿಸದೆ ಕಣ್ಣು ಮಾತ್ರ ಇತ್ತ ನೆಟ್ಟಿತು. ಒಂದು ನಿಮಿಷ ನಿಂತು, ಅಷ್ಟೇ ನಿಧಾನವಾಗಿ ವಾಪಸು ಬಂದಳು.

"ಈ ಕುರ್ಚಿ ಸರಿಯಿಲ್ಲ, ಸೊಂಟ ಹಿಡ್ಕೊಂಡಿದೆ, ಮನೇಲಿ ಹೇಳಿದ್ರೆ ನಿಮಗೆ ವಯಸ್ಸಾಯ್ತು ಅಂತಾರೆ ಅಂದ್ರಿ. ಬಿಸಿನೀರಿನ ಶಾಖ ಕೊಡಿ ಸಾರ್. ಅದು ವಯಸ್ಸಿನದ್ದಲ್ಲ, ಕುರ್ಚಿದೇ."

ಮ್ಯಾನೇಜರರ ಬಾಯಿ ತೆರೆದುಕೊಂಡಿತು, ಏನೂ ಹೊರಡಲಿಲ್ಲ. ಅದನ್ನು ಓದುವುದು ಯಾರಿಗೂ ಸಾಧ್ಯವಿರಲಿಲ್ಲ.

"ಆಮೇಲೆ ಇವರು ಅಂದ್ರು, ಅವಳು ಊಹೆ ಮಾಡಿ ಏನೋ ಹೇಳ್ತಾಳೆ, ನೀವು ತಲೆ ಆಡಿಸಬೇಡಿ ಅಂತ. ಈಗ ಹೇಳಿ ಸಾರ್, ಇಷ್ಟು ದೂರದಿಂದ ಇವರ ಮೀಸೆ ಸಂದೀಲಿ ಮಾತು ಓದೋ ಕಣ್ಣು ಹೋಗಿದೆಯಾ? ಹದಿಮೂರರಲ್ಲಿ ಎರಡು ಗಂಟು ನನ್ನದೇ. ಕನ್ನಡಕ ಹೊಸದು, ಈ ಸೋಮವಾರ ಮರೆತು ಬಂದಿದ್ದೆ. ಅದು ನನ್ನ ತಪ್ಪು, ಬೈಯಿರಿ. ಉಳಿದ ಹನ್ನೊಂದು ಯಾವ ಮಗ್ಗದ್ದು ಅಂತ ಇವರನ್ನ ಕೇಳಿ."

ಕೇಳಿದರು. ಪ್ರತಿ ಟವೆಲಿಗೂ ಮಗ್ಗದ ನಂಬರಿನ ಚೀಟಿ ಇರುತ್ತದೆ, ಗಂಟು ಯಾರದೆಂದು ಅದರಿಂದಲೇ ಗೊತ್ತಾಗುತ್ತದೆ. ಊದುಗೊಳವೆ ಚೀಟಿ ನೋಡಿಯೇ ಇರಲಿಲ್ಲ. ಬಿಡಿಬಿಡಿಯಾಗಿ ಕೆಮ್ಮಿದ.

ಮ್ಯಾನೇಜರ್ ಈಗ ಗಾಜಿನಾಚೆ ನೋಡಿದರು. ನಲವತ್ತು ಮಗ್ಗದವರು ಪಟ್ಟನೆ ತಲೆ ತಗ್ಗಿಸಿದರು. ಎಂಟು ತಿಂಗಳ ಮಾತೆಲ್ಲ ಮ್ಯಾನೇಜರರ ಕಣ್ಣ ಮುಂದೆ ಮೆರವಣಿಗೆ ಹೊರಟಿರಬೇಕು. ದನಿ ತಗ್ಗಿಸಿ ಕೇಳಿದರು: "ನಾನಿಲ್ಲದಾಗ ಇವರು ನನ್ನ ಬಗ್ಗೆ ಏನಾದರೂ...?"

ಅಬ್ಬಾ, ಆ ಗಳಿಗೆ! ಊದುಗೊಳವೆಯ ಮುಖ ಬೂದಿಯಾಯಿತು. ಮ್ಯಾನೇಜರರಿಗೆ ಮಗ್ಗಕ್ಕೂ ಮಂಚಕ್ಕೂ ವ್ಯತ್ಯಾಸ ಗೊತ್ತಿಲ್ಲವೆಂದು ಅವನು ಲಾರಿ ಗುಮಾಸ್ತನಿಗೆ ಹೇಳಿದ್ದು ಗಂಟಕ್ಕನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಒಂದೇ ಒಂದು ಸಲ ಊದಿದರೆ ಸಾಕು. ಅವಳು ತುಟಿ ಬಿಗಿದಳು.

"ಅದನ್ನ ಅವರೇ ಹೇಳಲಿ ಸಾರ್. ಊದುಗೊಳವೆ ನಾನಲ್ಲ."

ಚಿಂದಿ ಕೋಣೆಯ ಕಾಗದ ಹುಟ್ಟಲೇ ಇಲ್ಲ. ಬದಲಿಗೆ ಮ್ಯಾನೇಜರ್ ಎರಡು ಅಪ್ಪಣೆ ಹೊರಡಿಸಿದರು. ಒಂದು, ಗಾಜಿಗೆ ದಪ್ಪ ಪರದೆ. ಅದಕ್ಕೆ ಹಾಲ್‌ನವರೆಲ್ಲ ಗಂಟಕ್ಕನ ಮೇಲೆ ಸಿಟ್ಟಾದರು. "ಇದ್ದ ಒಂದು ಸಿನಿಮಾನೂ ಮುಚ್ಚಿಸಿದೆಯಲ್ಲೇ," ಎಂದು ನೂಲು ಸುತ್ತುವವಳು ತುಟಿಯಲ್ಲೇ ಬೈದಳು. "ನನ್ನನ್ನ ಚಿಂದಿಗೆ ಕಳಿಸುವಾಗ ನಕ್ಕ ಬಾಯಿ ಮುಚ್ಚಿಕೋ," ಎಂದು ಗಂಟಕ್ಕ ಅಷ್ಟೇ ಸ್ಪಷ್ಟವಾಗಿ ಆಡಿದಳು. ಕಕ್ಕಸಿನ ಕಂತಿಗೆ ತಾನೂ ನಕ್ಕದ್ದು ಆಮೇಲೆ ನೆನಪಾಗಿ, ಅವಳ ಪಾಲಿನ ಎರಡು ಎಳೆ ತಾನೇ ಕೂಡಿಸಿಕೊಟ್ಟಳು. ಕ್ಷಮೆ ಮಾತ್ರ ಕೇಳಲಿಲ್ಲ.

ಎರಡನೆಯ ಅಪ್ಪಣೆ ಇನ್ನೂ ರುಚಿ. ತಪಾಸಣೆಯವರಿಗೆ ಯಾರ ಮೇಲಾದರೂ ದೂರಿದ್ದರೆ, ಹಾಳಾದ ಟವೆಲನ್ನು ಚೀಟಿ ಸಮೇತ ಹಿಡಿದು, ಆ ಮಗ್ಗದ ಮುಂದೆ ನಿಂತು, ಅವರ ಮುಖಕ್ಕೇ ಹೇಳಬೇಕು.

ಮಂಗಳವಾರ ಊದುಗೊಳವೆ ಟವೆಲ್ ಹಿಡಿದು ಆರನೇ ಮಗ್ಗದ ಮುಂದೆ ನಿಂತ. "ಗಂಟು ಸಡಿಲ!" ಎಂದು ಅರಚಿದ. ಕುತ್ತಿಗೆಯ ನರ ಉಬ್ಬಿತು.

ಗಂಟಕ್ಕ ಕನ್ನಡಕ ಸರಿಮಾಡಿಕೊಂಡಳು. ಗಂಟು ನೋಡಿದಳು, ನಿಜಕ್ಕೂ ಸಡಿಲವೇ. ಬಿಚ್ಚಿ, ಬಿಗಿಯಾಗಿ ಹಾಕಿ, ತಿರುಗಿ ಕೊಟ್ಟಳು. ಆದರೂ ಗುರುವಾರದ ಸಿಟ್ಟು ಅಷ್ಟು ಬೇಗ ಎಲ್ಲಿ ಆರುತ್ತದೆ? ಕಿವಿಯ ಹಿಂದೆ ಅಂಗೈ ಇಟ್ಟು, ಅವನತ್ತ ಬಗ್ಗಿ, ತುಟಿ ಅಗಲಿಸಿ ಕೇಳಿದಳು: "ಏನಂದ್ರಿ? ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ!"

ಅವನಿಗೆ ತುಟಿ ಓದಲು ಬರುತ್ತಿರಲಿಲ್ಲ. ಮಿಸ್ತ್ರಿ ಅಣ್ಣ ಸ್ಪ್ಯಾನರಿನಿಂದ ಬಾಯಿಯತ್ತ, ಕಿವಿಯತ್ತ ತೋರಿಸಿ ಅನುವಾದ ಮಾಡಿಕೊಟ್ಟ.

ಊದುಗೊಳವೆ ಇನ್ನೂ ಜೋರಾಗಿ ಅರಚಿದ. ಗಂಟಕ್ಕ ಇನ್ನೊಮ್ಮೆ ಅಂಗೈ ಕಿವಿಗಿಟ್ಟಳು.